ಇಂಟ್ರೋ ಸ್ಕಿಪ್ ಮಾಡದೆ ನೋಡುವ ಸೀರೀಸ್ ಯಾವುದು? ಬರೀ ಟೈಟಲ್‌ಗಳದ್ದೇ ಒಂದು ಶೋ ಮಾಡಬೇಕಿದೆ

ಅಡಿಕೆಚಪ್ಪರ, ತೀರ್ಥಹಳ್ಳಿ

ಪ್ರಶ್ನೆ ಸ್ವಲ್ಪ ವಿಚಿತ್ರ, ಮೊದಲೇ ಹೇಳಿಬಿಡುತ್ತೇನೆ. ಮುಂದಿನ ತಿಂಗಳು ನಮ್ಮನೆಯಲ್ಲಿ ನೆಂಟರೆಲ್ಲ ಸೇರುತ್ತಾರೆ. ಮಳೆ ಬಿಡುವುದಿಲ್ಲ, ತೋಟದ ಕಡೆ ಹೋಗುವ ಹಾಗಿಲ್ಲ, ಊಟ ಆದಮೇಲೆ ಎಲ್ಲರೂ ಜಗಲಿಯಲ್ಲೇ ಕೂತಿರುತ್ತಾರೆ. ತಮ್ಮ ಬೆಂಗಳೂರಿಂದ ಒಂದು ಸಣ್ಣ ಪ್ರೊಜೆಕ್ಟರ್ ತರುತ್ತಿದ್ದಾನೆ. ಸಿನಿಮಾ ಹಾಕೋಣ ಅಂದರೆ ಒಬ್ಬರಿಗೆ ಹೊಡೆದಾಟ ಬೇಡ, ಇನ್ನೊಬ್ಬರಿಗೆ ಅಳು ಬೇಡ, ದೊಡ್ಡಪ್ಪನಿಗೆ ಹೆಸರು ಬೀಳುವ ಹೊತ್ತಿಗೇ ಗೊರಕೆ. ಆಗ ಹೊಳೆದಿದ್ದು ಇದು. ಟಿವಿ ಸೀರೀಸ್‌ಗಳ ಟೈಟಲ್, ಅಂದರೆ ಶುರುವಿನಲ್ಲಿ ಹೆಸರು ಬೀಳುವ ಇಂಟ್ರೋ, ಅದನ್ನು ಮಾತ್ರ ಒಂದಾದಮೇಲೆ ಒಂದು ಹಾಕಿದರೆ? ಒಂದೊಂದೂ ಒಂದು, ಒಂದೂವರೆ ನಿಮಿಷ. ಹಿಡಿಸದಿದ್ದರೆ ಅಷ್ಟರಲ್ಲಿ ಮುಂದಿನದು ಬಂದಿರುತ್ತದೆ.

ನಾನು ಯಾವತ್ತೂ ಸ್ಕಿಪ್ ಮಾಡದ ಟೈಟಲ್ ಅಂದರೆ ಗೇಮ್ ಆಫ್ ಥ್ರೋನ್ಸ್, ಟ್ರೂ ಡಿಟೆಕ್ಟಿವ್‌ನ ಮೊದಲ ಸೀಸನ್, ಆಮೇಲೆ ಸಕ್ಸೆಶನ್. ಅದರಾಚೆ ನನ್ನ ಲಿಸ್ಟ್ ಖಾಲಿ. ನಿಮ್ಮದು ಹೇಳಿ.

ಇದರ ಜೊತೆಗೆ ಮನೆಯಲ್ಲಿ ಒಂದು ಜಗಳವೂ ನಡೀತಿದೆ. ಒಳ್ಳೆ ಟೈಟಲ್ ಅಂದರೆ ಕಥೆ ಗೊತ್ತಿಲ್ಲದವರನ್ನೂ ಹಿಡಿದು ಕೂರಿಸಬೇಕು ಅನ್ನುವುದು ನನ್ನ ವಾದ. ತಮ್ಮ ಒಪ್ಪುವುದಿಲ್ಲ. ಸೀರೀಸ್ ನೋಡಿ ಆದಮೇಲೇ ಟೈಟಲ್‌ಗೆ ರುಚಿ ಬರೋದು, ನೋಡದವರಿಗೆ ಅದು ಸುಮ್ನೆ ಚಿತ್ರಗಳ ಸಂತೆ ಅಂತಾನೆ. ನಮ್ಮ ಪ್ರೇಕ್ಷಕರಲ್ಲಿ ಅರ್ಧ ಜನ ಇವುಗಳಲ್ಲಿ ಒಂದನ್ನೂ ನೋಡಿಲ್ಲ, ಅಮ್ಮ ದೊಡ್ಡಮ್ಮಂದಿರಿಗೆ ಇಂಗ್ಲಿಷ್ ಬರುವುದಿಲ್ಲ. ಅವರಿಗೂ ತಾಗುವಂಥದ್ದು ಬೇಕು.

ಟೈಮ್‌ಲೈನ್ ಸಾಗರ

ನಾನು ಮದುವೆ ವಿಡಿಯೊ ಎಡಿಟ್ ಮಾಡುವವನು. ಈ ವಿಷಯ ತೆಗೆದರೆ ನನ್ನ ಉತ್ತರ ಉದ್ದ ಆಗುತ್ತದೆ, ತಡೆದುಕೊಳ್ಳಿ.

ಗೇಮ್ ಆಫ್ ಥ್ರೋನ್ಸ್ ಮೊದಲು ಹಾಕಿ. 2011ರಲ್ಲಿ ಎಲಾಸ್ಟಿಕ್ ಅನ್ನುವ ಸ್ಟುಡಿಯೊ ಮಾಡಿದ್ದು, ಆಂಗಸ್ ವಾಲ್ ಅದರ ಮುಂದಾಳು, ಸಂಗೀತ ರಮೀನ್ ಜವಾದಿ. ಆ ಟೈಟಲ್‌ಗೆ ಮಾಡುವುದಕ್ಕೆ ಒಂದು ಕೆಲಸ ಇದೆ, ನನಗೆ ಇಷ್ಟ ಆಗುವುದು ಅದೇ. ಆ ಕಥೆಯಲ್ಲಿ ಊರುಗಳೂ ಜಾಸ್ತಿ, ಮನೆತನಗಳೂ ಜಾಸ್ತಿ. ಯಾರು ಎಲ್ಲಿದ್ದಾರೆ, ಯಾರ ಊರಿಂದ ಯಾರ ಊರಿಗೆ ಎಷ್ಟು ದೂರ ಅಂತ ಮೊದಲ ಸೀಸನ್‌ನಲ್ಲಿ ಯಾರ ತಲೆಗೂ ಹತ್ತುವುದಿಲ್ಲ. ಅದಕ್ಕೇ ನಕ್ಷೆ. ಆ ವಾರದ ಕಥೆ ಯಾವ ಊರಿಗೆ ಹೋಗುತ್ತದೋ ಆ ಊರು ನೆಲದಿಂದ ಹಲ್ಲುಚಕ್ರಗಳ ಮೇಲೆ ಎದ್ದು ನಿಲ್ಲುತ್ತದೆ. ಎರಡನೇ ಸೀಸನ್ ಕೊನೆಗೆ ವಿಂಟರ್‌ಫೆಲ್ ಸುಟ್ಟುಹೋಗುತ್ತದೆ ಅಲ್ವಾ, ಮೂರನೇ ಸೀಸನ್ ಟೈಟಲ್‌ನಲ್ಲಿ ನೋಡಿ, ಅಲ್ಲಿಂದ ಹೊಗೆ ಏಳುತ್ತಿರುತ್ತದೆ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಸ್ಕಿಪ್ ಮಾಡಿದವರಿಗೆ ಆ ಹೊಗೆ ಸಿಗಲಿಲ್ಲ ಅಷ್ಟೆ.

ಇನ್ನೊಂದು. ಆ ನಕ್ಷೆ ಚಪ್ಪಟೆ ಅಲ್ಲ, ಗೋಳದ ಒಳಮೈಯಲ್ಲಿ ಹಾಸಿದೆ. ಚಪ್ಪಟೆ ನಕ್ಷೆ ಮೇಲೆ ಕ್ಯಾಮೆರಾ ತಗ್ಗಿಸಿ ದೂರಕ್ಕೆ ನೋಡಿದರೆ ಅಂಚು ಕಾಣುತ್ತದೆ, ಅಂಚಿನಾಚೆ ಏನಿದೆ ಅಂತ ಪ್ರಶ್ನೆ ಬರುತ್ತದೆ. ಒಳಮೈ ಆದರೆ ನೆಲ ಮೇಲಕ್ಕೆ ಬಾಗಿ ಹೋಗುತ್ತದೆ, ದಿಗಂತದ ಕಾಟವೇ ಇಲ್ಲ. ನಡುವೆ ಸೂರ್ಯ, ಸುತ್ತ ತಿರುಗುವ ಲೋಹದ ಪಟ್ಟಿಗಳು, ಆ ಪಟ್ಟಿಗಳ ಮೇಲೆ ಹಿಂದಿನ ಯುದ್ಧಗಳ ಕೆತ್ತನೆ. ಇದನ್ನು ಯೋಚಿಸಿದ ತಲೆಗೆ ನಾನು ಅಡ್ಡಬಿದ್ದೆ. ಆ ವರ್ಷ ಟೈಟಲ್ ವಿನ್ಯಾಸದ ಎಮ್ಮಿ, ಅಮೆರಿಕದ ದೊಡ್ಡ ಟಿವಿ ಪ್ರಶಸ್ತಿ, ಇದಕ್ಕೇ ಹೋಯಿತು. ಹೌದು, ಟೈಟಲ್‌ಗೇ ಅಂತ ಬೇರೆ ಎಮ್ಮಿ ಇದೆ. 2019ರ ಕೊನೆ ಸೀಸನ್‌ನಲ್ಲಿ ಎಲ್ಲ ಹೊಸದಾಗಿ ಮಾಡಿದರು, ಕ್ಯಾಮೆರಾ ಕೋಟೆಗಳ ಒಳಗೇ ನುಗ್ಗುತ್ತದೆ. ಕಥೆ ಹಾಳಾಯಿತು, ಟೈಟಲ್ ಹಾಳಾಗಲಿಲ್ಲ.

ಟ್ರೂ ಡಿಟೆಕ್ಟಿವ್ 2014ರದ್ದು. ಅದೇ ಎಲಾಸ್ಟಿಕ್, ನಿರ್ದೇಶನ ಪ್ಯಾಟ್ರಿಕ್ ಕ್ಲೇರ್. ಮುಖದೊಳಗೆ ಊರು, ಊರೊಳಗೆ ಮುಖ. ಒಬ್ಬನ ತಲೆಯ ಆಕಾರದೊಳಗೆ ಲೂಸಿಯಾನದ ಎಣ್ಣೆ ಕಾರ್ಖಾನೆ, ಹೆದ್ದಾರಿ, ಜೌಗು. ರಿಚರ್ಡ್ ಮಿಸ್ರಾಕ್ ಅನ್ನುವ ಫೋಟೋಗ್ರಾಫರ್ ಆ ಭಾಗದ ಕಾರ್ಖಾನೆಗಳನ್ನು ತೆಗೆದ ಚಿತ್ರಗಳು ಇದಕ್ಕೆ ಪ್ರೇರಣೆ. ಹಾಡು ದಿ ಹ್ಯಾಂಡ್ಸಮ್ ಫ್ಯಾಮಿಲಿಯದ್ದು, ಸೀರೀಸ್‌ಗಾಗಿ ಬರೆದದ್ದಲ್ಲ, ಹತ್ತು ವರ್ಷಕ್ಕೂ ಹಳೆಯದು. ಈ ಟೈಟಲ್ ಬಂದಮೇಲೆ ಪ್ರಪಂಚದಲ್ಲಿ ಇರುವವರೆಲ್ಲ ಅದನ್ನೇ ಮಾಡಿದರು. ನಮ್ಮ ಕಡೆಯೂ ಬಿಡಲಿಲ್ಲ. ಮದುಮಗಳ ಮುಖದೊಳಗೆ ಅಡಿಕೆ ತೋಟ ಬೇಕು ಅಂತ ಕೇಳಿಕೊಂಡು ಬಂದ ಪಾರ್ಟಿಗಳಿದ್ದಾರೆ. ಮಾಡಿಕೊಟ್ಟೆ. ಅಡಿಕೆ ಮರ ನೆಟ್ಟಗೆ ಇರುವುದರಿಂದ ಮೂಗಿಗೆ ಸರಿಯಾಗಿ ಕೂರುತ್ತದೆ ಮಾರಾಯ್ರೆ.

ನಿಮ್ಮ ತಮ್ಮನ ವಾದಕ್ಕೆ: ಟ್ರೂ ಡಿಟೆಕ್ಟಿವ್ ಟೈಟಲ್‌ನಲ್ಲಿ ಕಥೆಯ ಒಂದು ಎಳೆಯೂ ಇಲ್ಲ. ಆದರೂ ನೋಡಿದ ಕೂಡಲೇ ಈ ಊರಿಗೆ ಏನೋ ಆಗಿದೆ ಅಂತ ಗೊತ್ತಾಗುತ್ತದೆ. ನಾನು ನಿಮ್ಮ ಕಡೆ.

ಸ್ಕಿಪ್ ರಾಜ

ನಾನು ಎಲ್ಲವನ್ನೂ ಸ್ಕಿಪ್ ಮಾಡುತ್ತೇನೆ, ನಾಚಿಕೆ ಏನಿಲ್ಲ. ರಾತ್ರಿ ಕೂತು ಒಂದೇ ಸಮನೆ ಐದು ಎಪಿಸೋಡ್ ನೋಡುವವನಿಗೆ ಅದೇ ನಕ್ಷೆ ಐದು ಸಲ ಯಾಕೆ? ನೆಟ್‌ಫ್ಲಿಕ್ಸ್‌ನವರು 2017ರಲ್ಲಿ ಆ ಬಟನ್ ತಂದರು. 2022ರಲ್ಲಿ ಅವರೇ ಹೇಳಿದ ಲೆಕ್ಕ: ದಿನಕ್ಕೆ 13.6 ಕೋಟಿ ಸಲ ಜನ ಅದನ್ನು ಒತ್ತುತ್ತಾರೆ, ಎಲ್ಲ ಸೇರಿಸಿದರೆ ಒಂದೇ ದಿನದಲ್ಲಿ 195 ವರ್ಷ ಉಳಿಯುತ್ತದೆ. ಅಷ್ಟು ಜನ ದಡ್ಡರಾ?

ಟೈಟಲ್ ಅಂದರೆ ಬ್ರೇಕಿಂಗ್ ಬ್ಯಾಡ್ ಥರ ಇರಬೇಕು. ಹಸಿರು ಹೊಗೆ, ಹೆಸರಿನೊಳಗೆ ಬ್ರೋಮಿನ್, ಬೇರಿಯಮ್ ಮೂಲವಸ್ತುಗಳ ಚಿಹ್ನೆ, ಗಿಟಾರ್ ಎರಡು ಸಲ ಟಿಂಗ್, ಮುಗೀತು. ಬಟನ್ ಹುಡುಕುವುದಕ್ಕೂ ಟೈಮ್ ಸಿಗುವುದಿಲ್ಲ. ಲಾಸ್ಟ್ ಅಂತೂ ಇನ್ನೂ ಕಡಿಮೆ. ಕಪ್ಪು ಪರದೆ ಮೇಲೆ ಬಿಳಿ ಅಕ್ಷರ ವಾಲಿಕೊಂಡು ತೇಲಿ ಬರುತ್ತದೆ. ಜೆ.ಜೆ. ಏಬ್ರಮ್ಸ್ ಅದನ್ನು ತನ್ನ ಕಂಪ್ಯೂಟರಲ್ಲಿ ತಾನೇ ಮಾಡಿದ್ದು. ಎಮ್ಮಿ ಗಿಮ್ಮಿ ಏನೂ ಬೇಡ.

ಹಳೇ ಆಂಟೆನಾ, ಹೊಸನಗರ

ಸ್ಕಿಪ್ ರಾಜರೇ, ದಡ್ಡರು ಅಂತ ಯಾರೂ ಹೇಳಲಿಲ್ಲ. ಆದರೆ ಟೈಟಲ್ ಯಾಕೆ ಹುಟ್ಟಿತು ಅಂತ ನೋಡಬೇಕಲ್ಲ.

ನಮ್ಮ ಕಾಲದಲ್ಲಿ ಟೈಟಲ್ ಮ್ಯೂಸಿಕ್ ಅಂದರೆ ಕರೆ. ಟಿವಿ ಇದ್ದದ್ದು ಕೇರಿಯಲ್ಲಿ ಒಂದೋ ಎರಡೋ ಮನೆಯಲ್ಲಿ. ಸುರಭಿಯ ಸಂಗೀತ ಶುರುವಾದರೆ, ಎಲ್. ಸುಬ್ರಮಣ್ಯಂ ಅವರದ್ದು, ಕೊಟ್ಟಿಗೆಯಲ್ಲಿ ಇದ್ದವರು ಕೈ ತೊಳೆದುಕೊಂಡು ಬಂದು ಕೂರುವಷ್ಟು ಹೊತ್ತು ಸಿಗುತ್ತಿತ್ತು. ಅದೇ ಅದರ ಉಪಯೋಗ. ಈಗ ಎಪಿಸೋಡ್ ನಿಮಗೆ ಕಾಯುತ್ತದೆ, ನೀವು ಎಪಿಸೋಡ್‌ಗೆ ಕಾಯುವುದಿಲ್ಲ, ಹಾಗಾಗಿ ಕರೆಯುವ ಕೆಲಸ ಹೋಯಿತು. ಯಕ್ಷಗಾನದಲ್ಲಿ ಪೂರ್ವರಂಗಕ್ಕೆ ಆದದ್ದೂ ಇದೇ. ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷ ಎಲ್ಲ ಮುಗಿದು ಪ್ರಸಂಗ ಶುರುವಾಗುವ ಹೊತ್ತಿಗೆ ಜನ ಬಂದು ಸೇರುತ್ತಿದ್ದರು. ಕಾಲಮಿತಿ ಆಟ ಬಂತು, ಪೂರ್ವರಂಗಕ್ಕೆ ಮೊದಲು ಕತ್ತರಿ ಬಿತ್ತು. ಅದು ಬೇಡ ಅಂತ ನಿರ್ಧರಿಸಿದವರೂ ದಡ್ಡರಲ್ಲ. ಆದರೆ ಅಲ್ಲಿ ಕುಣಿದು ಹೆಜ್ಜೆ ಕಲಿಯುತ್ತಿದ್ದ ಹುಡುಗರು ಎಲ್ಲಿ ಕಲಿಯಬೇಕು ಅನ್ನುವುದು ಬೇರೆ ಪ್ರಶ್ನೆ, ಅದು ಬಿಡಿ, ವಿಷಯ ಎಲ್ಲಿಗೋ ಹೋಯಿತು.

ಅಡಿಕೆಚಪ್ಪರ, ನಿಮ್ಮ ಪಟ್ಟಿಯಲ್ಲಿ ಇರುವುದೆಲ್ಲ ಹೊಸ ಸೀರೀಸ್, ಗೊತ್ತು. ಆದರೂ ತೀರ್ಥಹಳ್ಳಿಯಲ್ಲಿ ಕೂತು ಟೈಟಲ್‌ಗಳ ಶೋ ಮಾಡಿ ಮಾಲ್ಗುಡಿ ಡೇಸ್ ಹಾಕದಿದ್ದರೆ ನಿಮ್ಮ ದೊಡ್ಡಮ್ಮಂದಿರು ಬಿಡುತ್ತಾರಾ? ಶಂಕರ್ ನಾಗ್ ಆಗುಂಬೆಯನ್ನು ಮಾಲ್ಗುಡಿ ಮಾಡಿದರು, ರೈಲಿಗೆ ನಮ್ಮ ಅರಸಾಳು ಸ್ಟೇಷನ್. ಆ ಹಳೇ ಸ್ಟೇಷನ್ ಈಗ ಮಾಲ್ಗುಡಿ ಮ್ಯೂಸಿಯಂ ಆಗಿದೆ. ಟೈಟಲ್‌ಗೆ ಆರ್.ಕೆ. ಲಕ್ಷ್ಮಣ್ ಗೆರೆಚಿತ್ರ, ಎಲ್. ವೈದ್ಯನಾಥನ್ ಸಂಗೀತ, ಆ ತಾನನಾನ. ಬರೆದವರು ಆರ್.ಕೆ. ನಾರಾಯಣ್, ಚಿತ್ರ ಬಿಡಿಸಿದವರು ಅವರ ಸ್ವಂತ ತಮ್ಮ. ಅದರಲ್ಲಿ ಏನಿದೆ ಹೇಳಿ, ಕೆಲವು ಗೆರೆ, ಒಂದು ರಾಗ. ಹಲ್ಲುಚಕ್ರ ಇಲ್ಲ, ಗೋಳ ಇಲ್ಲ. ಇವತ್ತಿಗೂ ಅದು ಕಿವಿಗೆ ಬಿದ್ದರೆ ಕಥೆ ನೆನಪಿಲ್ಲದವರಿಗೂ ಊರು ನೆನಪಾಗುತ್ತದೆ.

ಕನ್ನಡದ್ದೂ ಒಂದು ಇರಲಿ. ಮಾಯಾಮೃಗದ ಟೈಟಲ್ ಹಾಡು ಹಾಕಿ. ಹಾಡು ಮುಗಿಯುವವರೆಗೆ ನಿಮ್ಮ ದೊಡ್ಡಪ್ಪ ನಿದ್ದೆ ಮಾಡುವುದಿಲ್ಲ, ಬರೆದುಕೊಡುತ್ತೇನೆ.

ಒತ್ತಕ್ಷರ, ಭದ್ರಾವತಿ

ನಾನು ಡಿಸೈನ್ ಓದುತ್ತಿದ್ದೇನೆ. ಯಾರೂ ಅಕ್ಷರದ ಬಗ್ಗೆ ಮಾತಾಡಲಿಲ್ಲ ಅಂತ ಬೇಜಾರಾಗಿ ಬಂದೆ.

ಸ್ಟ್ರೇಂಜರ್ ಥಿಂಗ್ಸ್ ನೋಡಿ, 2016. ಅದರಲ್ಲಿ ಮನುಷ್ಯರಿಲ್ಲ, ಊರಿಲ್ಲ, ರಾಕ್ಷಸ ಇಲ್ಲ. ಕೆಂಪು ಬೆಳಕಿನ ಅಕ್ಷರಗಳು ಮಾತ್ರ. ಇಷ್ಟು ಹತ್ತಿರದಿಂದ ತೋರಿಸುತ್ತಾರೆ ಅಂದರೆ ಮೊದಲು ಅದು ಅಕ್ಷರ ಅಂತಲೇ ಗೊತ್ತಾಗುವುದಿಲ್ಲ, ಯಾವುದೋ ಗೋಡೆ ಸರಿದ ಹಾಗೆ ಕಾಣುತ್ತದೆ. ನಿಧಾನಕ್ಕೆ ದೂರ ಹೋಗಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಫಾಂಟ್ ಬೆಂಗ್ವಿಯಾಟ್. ಸ್ಟೀಫನ್ ಕಿಂಗ್ ಅವರ ಹಳೇ ಪೇಪರ್‌ಬ್ಯಾಕ್ ಮುಖಪುಟಗಳನ್ನು ಎದುರಿಗೆ ಇಟ್ಟುಕೊಂಡು ಶುರು ಮಾಡಿದ್ದು. ಇಮ್ಯಾಜಿನರಿ ಫೋರ್ಸಸ್ ಸ್ಟುಡಿಯೊದವರು ಇದಕ್ಕೆ ಮಾಡಿದ ಒಂದು ಕೆಲಸ ನನಗೆ ತುಂಬ ಇಷ್ಟ. ಅಕ್ಷರಗಳನ್ನು ನಿಜವಾದ ಫಿಲ್ಮ್ ಹಾಳೆಯ ಮೇಲೆ ಮಾಡಿಸಿ, ಹಿಂದಿನಿಂದ ಬೆಳಕು ಬಿಟ್ಟು, ಬೆಳಕು ಅಂಚಿನಲ್ಲಿ ಹೇಗೆ ಸೋರುತ್ತದೆ, ಎಲ್ಲಿ ನಡುಗುತ್ತದೆ ಅಂತ ಕ್ಯಾಮೆರಾದಲ್ಲಿ ನೋಡಿಕೊಂಡರು. ಆಮೇಲೆ ಕಂಪ್ಯೂಟರಲ್ಲಿ ಮಾಡುವಾಗ ಆ ಕೊರತೆಗಳನ್ನೆಲ್ಲ ಬೇಕು ಅಂತಲೇ ಸೇರಿಸಿದರು. ಅದಕ್ಕೇ ಅದು 1980ರ ದಶಕದ ಟೈಟಲ್ ಥರ ಕಾಣುವುದು. ಅದಕ್ಕೂ ಎಮ್ಮಿ ಬಂತು. ಕೈಲ್ ಡಿಕ್ಸನ್, ಮೈಕಲ್ ಸ್ಟೈನ್ ಅವರ ಸಿಂಥ್ ಸಂಗೀತ ಇಲ್ಲದೆ ಅರ್ಧ ಮಜಾ ಇರುತ್ತಿರಲಿಲ್ಲ, ಅದನ್ನೂ ಹೇಳಬೇಕು.

ಸೆವೆರೆನ್ಸ್ ಹಾಕದೆ ಬಿಡಬೇಡಿ. ಬರ್ಲಿನ್‌ನಲ್ಲಿರುವ ಆಲಿವರ್ ಲಾಟಾ ಅನ್ನುವ ಕಲಾವಿದ ಇಂಟರ್ನೆಟ್‌ನಲ್ಲಿ ಪೇಸ್ಟ್ ಥರ ಕರಗುವ, ಹಿಗ್ಗುವ ಮನುಷ್ಯರ ವಿಡಿಯೊ ಹಾಕುತ್ತಿದ್ದರು. ಸೀರೀಸ್ ನಿರ್ದೇಶಕ ಬೆನ್ ಸ್ಟಿಲ್ಲರ್ ಅದನ್ನು ನೋಡಿ ಕರೆದರು. 2022ರಲ್ಲಿ ಟೈಟಲ್ ವಿನ್ಯಾಸಕ್ಕೂ ಎಮ್ಮಿ, ಥಿಯಡೋರ್ ಶಪೀರೊ ಅವರ ಹಿನ್ನೆಲೆ ಸಂಗೀತಕ್ಕೂ ಎಮ್ಮಿ. ಆಫೀಸಿನ ಮನುಷ್ಯ ಒಬ್ಬ, ಮನೆಯ ಮನುಷ್ಯ ಇನ್ನೊಬ್ಬ, ಇಬ್ಬರೂ ಒಂದೇ ದೇಹ. ಕಥೆ ಇಷ್ಟೇ. ಟೈಟಲ್‌ನಲ್ಲಿ ಅವನು ತನ್ನನ್ನೇ ಎತ್ತಿಕೊಂಡು, ಎಳೆದುಕೊಂಡು ಹೋಗುತ್ತಾನೆ. ಇಂಗ್ಲಿಷ್ ಬೇಡವೇ ಬೇಡ.

ನಮ್ಮ ದೇಶದ್ದು ಅಂದರೆ ಸೇಕ್ರೆಡ್ ಗೇಮ್ಸ್, 2018. ಪ್ರತಿ ಎಪಿಸೋಡ್‌ಗೂ ಪುರಾಣದ ಒಂದು ಹೆಸರು, ಅಶ್ವತ್ಥಾಮ, ಹಾಲಾಹಲ, ಹೀಗೆ. ಒಂದೊಂದಕ್ಕೂ ಒಂದು ಮಂಡಲದ ಥರದ ಚಿಹ್ನೆ, ಬಿಡಿಸಿದವರು ಅನಿರುದ್ಧ್ ಮೆಹ್ತಾ. ಸಂಗೀತ ಅಲೋಕನಂದಾ ದಾಸ್‌ಗುಪ್ತಾ. ಸ್ಕ್ಯಾಮ್ 1992ರ ಮ್ಯೂಸಿಕ್ ಎಲ್ಲರ ರಿಂಗ್‌ಟೋನ್ ಆಯಿತು, ಅಚಿಂತ್ ಠಕ್ಕರ್ ಮಾಡಿದ್ದು. ಆದರೆ ಅದರ ಚಿತ್ರ ಯಾರಿಗಾದರೂ ನೆನಪಿದೆಯಾ? ಕಿವಿ ಇಟ್ಟುಕೊಂಡಿತು, ಕಣ್ಣು ಮರೆಯಿತು.

ನನ್ನ ಹೊಟ್ಟೆಕಿಚ್ಚು ಏನೆಂದರೆ, ಇಂಗ್ಲಿಷ್‌ನ ಆ ನೆಟ್ಟಗಿನ ಅಕ್ಷರದಲ್ಲೇ ಇಷ್ಟು ಮಾಡಿದ್ದಾರೆ. ನಮ್ಮ ಅಕ್ಷರಕ್ಕೆ ತಲೆಕಟ್ಟು ಇದೆ, ಕೊಂಬು ಇದೆ, ಕೆಳಗೆ ಒತ್ತು ನೇತಾಡುತ್ತದೆ, ಎಲ್ಲ ದುಂಡಗೆ. ಒಂದು 'ಕ್ಷ'ವನ್ನು ಪರದೆ ತುಂಬ ಹಾಕಿ ಅದರ ಹೊಟ್ಟೆಯೊಳಗಿಂದ ಕ್ಯಾಮೆರಾ ಹೊರಗೆ ಬಂದರೆ ಹೇಗಿರುತ್ತದೆ ಯೋಚಿಸಿ. ಕನ್ನಡದಲ್ಲಿ ಈಗ ವೆಬ್ ಸೀರೀಸ್ ಬರಲು ಶುರುವಾಗಿದೆ, ಯಾರಾದರೂ ಮಾಡಲಿ. ನಾನೇ ಮಾಡುತ್ತೇನೆ, ಸೆಮಿಸ್ಟರ್ ಮುಗಿಯಲಿ.

ಅಡಿಕೆಚಪ್ಪರ, ತೀರ್ಥಹಳ್ಳಿ

ಇಷ್ಟೊಂದು ಬರುತ್ತದೆ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್. ಮಾಲ್ಗುಡಿ ಖಂಡಿತ ಇರುತ್ತದೆ ಆಂಟೆನಾ ಸರ್, ಆದರೆ ಕೊನೆಗೆ. ಮೊದಲೇ ಹಾಕಿದರೆ ಎಲ್ಲರೂ ಶಂಕರ್ ನಾಗ್ ಬಗ್ಗೆ ಮಾತಾಡಲು ಶುರು ಮಾಡಿ ನನ್ನ ಶೋ ಅಲ್ಲಿಗೇ ಮುಗಿಯುತ್ತದೆ.

ಮಕ್ಕಳಿರುತ್ತಾರೆ, ಡೆಕ್ಸ್‌ಟರ್ ಹಾಕಬಹುದಾ? ತಮ್ಮ ಹಟ ಮಾಡುತ್ತಿದ್ದಾನೆ. ಮ್ಯಾಡ್ ಮೆನ್, ಸೊಪ್ರಾನೋಸ್, ದಿ ವೈರ್ ಕೂಡ ಅವನ ಪಟ್ಟಿಯಲ್ಲಿವೆ. ತಗಡಿನ ಮಾಡಿನ ಮೇಲೆ ಮಳೆ ಬಿದ್ದರೆ ಏನೂ ಕೇಳುವುದಿಲ್ಲ, ಅದಕ್ಕೂ ಏನಾದರೂ ಹೇಳಿ.

ಟೈಮ್‌ಲೈನ್ ಸಾಗರ

ಡೆಕ್ಸ್‌ಟರ್ ಧೈರ್ಯವಾಗಿ ಹಾಕಿ. ಸೀರೀಸ್ ಮಕ್ಕಳಿಗೆ ಅಲ್ಲ, ಟೈಟಲ್‌ನಲ್ಲಿ ಮಾತ್ರ ಒಬ್ಬ ಮನುಷ್ಯ ಬೆಳಿಗ್ಗೆ ಎದ್ದು ತಿಂಡಿ ತಿಂದು ಶರ್ಟ್ ಹಾಕಿಕೊಳ್ಳುವುದು ಬಿಟ್ಟು ಬೇರೆ ಏನೂ ಇಲ್ಲ. ಅದೇ ಅದರ ಚಮತ್ಕಾರ. 2006ರಲ್ಲಿ ಡಿಜಿಟಲ್ ಕಿಚನ್ ಅನ್ನುವ ಸ್ಟುಡಿಯೊ ಮಾಡಿದ್ದು. ಶುರುವಾಗುವುದೇ ಸೊಳ್ಳೆ ಹೊಡೆಯುವುದರಿಂದ, ಹಾಗಾಗಿ ನಮ್ಮ ಕಡೆಯವರಿಗೆ ತಕ್ಷಣ ಹತ್ತಿರ ಆಗುತ್ತದೆ. ಗಡ್ಡ ಕೆರೆಯುವಾಗ ಒಂದು ಹನಿ ರಕ್ತ, ಮೊಟ್ಟೆ ಒಡೆಯುವುದು, ಕೆಂಪು ಕಿತ್ತಳೆ ಹಿಂಡುವುದು, ಕಾಫಿ ಬೀಜ ಪುಡಿ ಆಗುವುದು, ಶೂ ದಾರ ಬಿಗಿಯುವುದು. ಎಲ್ಲ ಎಷ್ಟು ಹತ್ತಿರದಿಂದ ಅಂದರೆ ದಾರ ಬಿಗಿದರೆ ಕತ್ತು ಬಿಗಿದ ಹಾಗೆ ಅನ್ನಿಸುತ್ತದೆ. ರಾಲ್ಫ್ ಕೆಂಟ್ ಸಂಗೀತ ಮಾತ್ರ ನಗುನಗುತ್ತಾ ಇರುತ್ತದೆ. ಇವನು ಕೊಲೆಗಾರ ಅಂತ ಯಾರಿಗೂ ಹೇಳಬೇಡಿ. ನೋಡಿ ಆದಮೇಲೆ, ಇವನ ಕೆಲಸ ಏನಿರಬಹುದು ಅಂತ ಕೇಳಿ.

ಸೊಪ್ರಾನೋಸ್‌ನಲ್ಲಿ ಕಥಾನಾಯಕ ಟೋನಿ ನ್ಯೂಯಾರ್ಕಿನ ಲಿಂಕನ್ ಸುರಂಗದಿಂದ ಹೊರಗೆ ಬಂದು ನ್ಯೂಜೆರ್ಸಿಗೆ ಕಾರು ಓಡಿಸುತ್ತಾನೆ. ಕಾರ್ಖಾನೆ, ಸಣ್ಣ ಮನೆ, ಆಮೇಲೆ ದೊಡ್ಡ ಮನೆ, ಕೊನೆಗೆ ಅವನ ಮನೆ. ದಾರಿಯಲ್ಲೇ ಅವನು ಎಲ್ಲಿಂದ ಎಲ್ಲಿಗೆ ಏರಿದ ಅನ್ನುವುದು ಬಂತು. ಮೊದಲ ಸೀಸನ್‌ಗಳಲ್ಲಿ ಕಾರಿನ ಕನ್ನಡಿಯಲ್ಲಿ ಅವಳಿ ಗೋಪುರ ಕಾಣುತ್ತವೆ. 2001ರ ಸೆಪ್ಟೆಂಬರ್ ದಾಳಿಯಲ್ಲಿ ಅವು ಬಿದ್ದಮೇಲೆ ನಾಲ್ಕನೇ ಸೀಸನ್‌ನಿಂದ ಆ ಶಾಟ್ ತೆಗೆದರು. ಎರಡನ್ನೂ ತೋರಿಸಿ, ಏನು ವ್ಯತ್ಯಾಸ ಅಂತ ಮಕ್ಕಳನ್ನು ಕೇಳಿ.

ವೈರ್‌ಗೆ ಸಮಯ ಬೇಕು. ಐದು ಸೀಸನ್, ಟಾಮ್ ವೇಟ್ಸ್ ಬರೆದ ಒಂದೇ ಹಾಡು, ಪ್ರತಿ ಸೀಸನ್‌ಗೂ ಬೇರೆ ಗಂಟಲು. ಮೊದಲನೆಯದು ಬ್ಲೈಂಡ್ ಬಾಯ್ಸ್ ಆಫ್ ಅಲಬಾಮಾ, ಎರಡನೆಯದು ಸ್ವತಃ ವೇಟ್ಸ್, ಕೊನೆಯದು ಸ್ಟೀವ್ ಅರ್ಲ್. ಈ ಮೂರು ಸಾಕು.

ಈಗ ನನ್ನ ಕಡೆಯಿಂದ ಒಂದು ಸೇರಿಸಿ: ಪಚಿಂಕೊ, 2022. ಕೊರಿಯಾದ ಒಂದು ಕುಟುಂಬ, ನಾಲ್ಕು ತಲೆಮಾರು, ಜಪಾನ್ ಆಳ್ವಿಕೆ, ಊರು ಬಿಟ್ಟು ಹೋಗುವುದು. ಕಥೆ ಪೂರ್ತಿ ಕಷ್ಟ. ಟೈಟಲ್‌ನಲ್ಲಿ ಮಾತ್ರ ಎಲ್ಲರೂ ತಮ್ಮ ತಮ್ಮ ಕಾಲದ ಬಟ್ಟೆಯಲ್ಲೇ ಪಚಿಂಕೊ ಅನ್ನುವ ಜಪಾನಿನ ಜೂಜಿನ ಯಂತ್ರದಾಟದ ಅಂಗಡಿಯೊಳಗೆ ಕುಣಿಯುತ್ತಾರೆ. ಅಜ್ಜಿಯೂ ಕುಣಿಯುತ್ತಾಳೆ, ಅದೇ ಅಜ್ಜಿ ಹುಡುಗಿ ಆಗಿದ್ದಾಗಿನ ರೂಪವೂ ಕುಣಿಯುತ್ತದೆ. ಹಾಡು ಗ್ರಾಸ್ ರೂಟ್ಸ್ ತಂಡದ 1967ರದ್ದು. ಕಥೆಯೊಳಗೆ ಒಂದೇ ಫ್ರೇಮಿಗೆ ಬರಲಾರದವರು ಇಲ್ಲಿ ಒಂದೇ ಕೋಣೆಯಲ್ಲಿ.

ಸೌಂಡ್‌ಗೆ ಪ್ರೊಜೆಕ್ಟರ್ ಒಳಗಿನ ಸ್ಪೀಕರ್ ನಂಬಬೇಡಿ. ಭಜನೆಗೆ ತರುತ್ತಾರಲ್ಲ, ಆ ಬಾಕ್ಸ್ ತನ್ನಿ. ಪರದೆಯ ಹತ್ತಿರ ಇಡಿ, ಜನರ ಬೆನ್ನ ಹಿಂದೆ ಇಡಬೇಡಿ. ಮೊಬೈಲಲ್ಲಿ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಮಳೆಗಾಲದಲ್ಲಿ ನೆಟ್‌ವರ್ಕ್ ನಂಬಿ ಶೋ ಇಟ್ಟರೆ ಸುತ್ತುವ ಚಕ್ರವನ್ನೇ ಟೈಟಲ್ ಅಂತ ತೋರಿಸಬೇಕಾಗುತ್ತದೆ.

ಅಡಿಕೆಚಪ್ಪರ, ತೀರ್ಥಹಳ್ಳಿ

ಶೋ ಆಯಿತು! ವರದಿ ಕೇಳಿದವರಿಗೆ ಇಲ್ಲಿದೆ. ಒಂದು ಸಲ ಕರೆಂಟ್ ಹೋಯಿತು, ಆ ಹೊತ್ತಲ್ಲಿ ಮಂಡಕ್ಕಿ ಖಾಲಿ ಆಯಿತು. ಅದು ಬಿಟ್ಟರೆ ಎಲ್ಲ ಸರಿ.

ಗೇಮ್ ಆಫ್ ಥ್ರೋನ್ಸ್ ಮಕ್ಕಳಿಗೆ ಹುಚ್ಚು ಹಿಡಿಸಿತು. ದೊಡ್ಡಪ್ಪ ಗಂಭೀರವಾಗಿ ನೋಡಿ, "ಇಷ್ಟೆಲ್ಲ ಕಟ್ಟಿ ಮುಗಿಸಿದ್ರಲ್ಲ, ಒಳಗೆ ಯಾರೂ ಇಲ್ವಲ್ಲ" ಅಂದರು. ಸುಮ್ನೆ ಹೇಳಿದ್ದು, ಆದರೆ ಆ ಟೈಟಲ್‌ನಲ್ಲಿ ನಿಜವಾಗಿಯೂ ಒಬ್ಬ ಮನುಷ್ಯನೂ ಇಲ್ಲ, ನಾನು ಎಂಟು ಸೀಸನ್ ನೋಡಿಯೂ ಯೋಚಿಸಿರಲಿಲ್ಲ.

ಡೆಕ್ಸ್‌ಟರ್ ಪ್ರಶ್ನೆಗೆ ಬಂದ ಉತ್ತರಗಳು: ಡಾಕ್ಟರ್, ಹೋಟೆಲ್ ಅಡುಗೆಯವನು, ಕಟುಕ. ಅತ್ತೆಯೊಬ್ಬರು ಮಾತ್ರ "ಇವನು ಒಳ್ಳೆಯವನಲ್ಲ, ತಿನ್ನುವ ರೀತಿ ನೋಡಿ" ಅಂದರು. ಕಥೆ ಹೇಳಿದಾಗ ಅವರ ಗತ್ತು ನೋಡಬೇಕಿತ್ತು.

ಸಕ್ಸೆಶನ್ ಸೋಲುತ್ತದೆ ಅಂತ ತಮ್ಮ ಪಂದ್ಯ ಕಟ್ಟಿದ್ದ. ಹಳೇ ಹೋಮ್ ವಿಡಿಯೊ ತುಣುಕು, ದೊಡ್ಡ ಮನೆ, ಮಕ್ಕಳು, ಬೆನ್ನು ತಿರುಗಿಸಿ ನಿಂತ ಅಪ್ಪ, ನ್ಯೂಯಾರ್ಕಿನ ಕಟ್ಟಡ. ನಿಕೊಲಸ್ ಬ್ರಿಟೆಲ್‌ನ ಪಿಯಾನೊಗೆ ಎಲ್ಲರ ಕಾಲೂ ತಾಳ ಹಾಕಿತು. ಮುಗಿದ ಕೂಡಲೇ ಅಮ್ಮ ಕೇಳಿದ್ದು, "ಆ ಅಪ್ಪನ ಮುಖ ಯಾಕೆ ಸರಿಯಾಗಿ ತೋರಿಸಲ್ಲ? ಮಕ್ಕಳು ನೋಡ್ತಾನೇ ಇರ್ತಾವಲ್ಲ ಪಾಪ." ನಾಲ್ಕು ಸೀಸನ್ ಕಥೆ ಅಷ್ಟೇ ತಾನೆ! ತಮ್ಮ ಬಾಯಿ ಮುಚ್ಚಿದ.

ಆದರೆ ಅವನು ಪೂರ್ತಿ ಸೋಲಲಿಲ್ಲ, ಅದನ್ನೂ ಹೇಳಬೇಕು. ಮ್ಯಾಡ್ ಮೆನ್ ಬಿದ್ದುಹೋಯಿತು. ಸೂಟು ಹಾಕಿದ ನೆರಳಿನ ಮನುಷ್ಯ ಜಾಹೀರಾತುಗಳ ನಡುವೆ ಕಟ್ಟಡದಿಂದ ಬೀಳುತ್ತಾ ಬೀಳುತ್ತಾ ಹೋಗಿ, ಕೊನೆಗೆ ಸೋಫಾದಲ್ಲಿ ಸಿಗರೇಟು ಹಿಡಿದು ಕೂತಿರುತ್ತಾನೆ. ಅವನು ಸತ್ತನಾ ಬದುಕಿದನಾ ಅಂತಲೇ ಜಗಳ ಆಯಿತು, ಏನು ಹೇಳಿದರೂ ಸಮಾಧಾನ ಆಗಲಿಲ್ಲ. ಅದನ್ನು ಸವಿಯುವುದಕ್ಕೆ ಆ ಮನುಷ್ಯ ಎಷ್ಟು ಸುಳ್ಳಿನ ಮೇಲೆ ಕೂತಿದ್ದಾನೆ ಅಂತ ಗೊತ್ತಿರಬೇಕು. ಸೆವೆರೆನ್ಸ್‌ಗೆ ಮಕ್ಕಳು ಬಿದ್ದು ಬಿದ್ದು ನಕ್ಕವು, ದೊಡ್ಡವರು ಮುಖ ಕಿವಿಚಿದರು. ವೈರ್ ಬೇಜಾರು ಮಾಡಿಸಿತು, ಟೈಮ್‌ಲೈನ್ ಅಣ್ಣ ಕ್ಷಮಿಸಿ, ಹಾಡು ಹಾಡುವ ನನ್ನ ಅತ್ತಿಗೆಗೆ ಒಬ್ಬರಿಗೆ ಬಿಟ್ಟು.

ಎಲ್ಲರೂ ಇನ್ನೊಂದು ಸಲ ಹಾಕು ಅಂದದ್ದು ಪಚಿಂಕೊ. ಆಮೇಲೆ ಮತ್ತೆ ಹಾಕು ಅಂದರು. ಚಿಕ್ಕಮ್ಮನ ಮಗಳು ಎದ್ದು ಪರದೆ ಮುಂದೆ ನಿಂತು ಕುಣಿದಳು, ಅವಳ ನೆರಳಿನ ಜೊತೆ ಕೊರಿಯಾದ ಅಜ್ಜಿ. ದೊಡ್ಡಮ್ಮ ಈಗ ಪೂರ್ತಿ ಸೀರೀಸ್ ನೋಡಬೇಕು ಅಂತ ಕೂತಿದ್ದಾರೆ. ಸಬ್‌ಟೈಟಲ್ ಓದಿ ಕನ್ನಡದಲ್ಲಿ ಹೇಳುವ ಡ್ಯೂಟಿ ನನ್ನ ಮೇಲೆ ಬಿದ್ದಿದೆ.

ಮಾಲ್ಗುಡಿಗೆ ಬರುವ ಹೊತ್ತಿಗೆ ದೊಡ್ಡಪ್ಪನಿಗೆ ನಿದ್ದೆ ಬಂದಿತ್ತು. ತಾನನಾನ ಶುರುವಾದ ಕೂಡಲೇ ಕಣ್ಣು ಮುಚ್ಚಿಕೊಂಡೇ ಪೂರ್ತಿ ಗುನುಗಿದರು. ಮಾಯಾಮೃಗಕ್ಕೆ ಎದ್ದು ಕೂತರು. ಆಂಟೆನಾ ಸರ್, ನೀವು ಗೆದ್ದಿರಿ.

ಹಳೇ ಆಂಟೆನಾ, ಹೊಸನಗರ

ಗೊತ್ತಿತ್ತು. ದೊಡ್ಡಪ್ಪನವರಿಗೆ ನಮಸ್ಕಾರ ಹೇಳಿ. ಒಳಗೆ ಯಾರೂ ಇಲ್ಲ ಅಂದರಲ್ಲ, ಅದು ಸಾಮಾನ್ಯ ಮಾತಲ್ಲ.

ಸ್ಕಿಪ್ ರಾಜ

ಪಚಿಂಕೊ ಟೈಟಲ್ ನೋಡಿದೆ. ಸರಿ, ಅದನ್ನು ಸ್ಕಿಪ್ ಮಾಡಲಿಲ್ಲ. ಆದರೆ ಒಂದು ಮಾತು, ನೀವೆಲ್ಲ ಎಪಿಸೋಡನ್ನೇ ಸ್ಕಿಪ್ ಮಾಡಿ ಟೈಟಲ್ ಮಾತ್ರ ನೋಡಿದ್ದೀರಿ. ನನಗೆ ಬೈಯುವ ಹಕ್ಕು ನಿಮಗಿಲ್ಲ.

ಟೈಮ್‌ಲೈನ್ ಸಾಗರ

ವೈರ್ ಬೇಜಾರು ಅಂದವರ ಹೆಸರು ಬರೆದಿಟ್ಟುಕೊಂಡಿದ್ದೇನೆ, ಅವರ ಮನೆ ಮದುವೆಗೆ ನಾನು ಬರುವುದಿಲ್ಲ. ಮುಂದಿನ ಸಲ ವೆಸ್ಟ್‌ವರ್ಲ್ಡ್ ಸೇರಿಸಿ. ಬಿಳಿ ಅಸ್ಥಿಪಂಜರದ ಕೈ ಪಿಯಾನೊ ನುಡಿಸುತ್ತಿರುತ್ತದೆ, ಕೈ ಎತ್ತಿದಮೇಲೂ ಪಿಯಾನೊದ ಕೀಗಳು ತಾವೇ ಒತ್ತಿಕೊಳ್ಳುತ್ತಾ ಹೋಗುತ್ತವೆ. ಅದಕ್ಕೆ ನಿಮ್ಮ ಅತ್ತೆ ಏನು ಹೇಳುತ್ತಾರೆ ಅಂತ ಕೇಳಬೇಕು.

ಒತ್ತಕ್ಷರ, ಭದ್ರಾವತಿ

ಸ್ಟ್ರೇಂಜರ್ ಥಿಂಗ್ಸ್ ಬಗ್ಗೆ ಒಂದು ಮಾತೂ ಇಲ್ಲ?? ಹಾಕಿದಿರೋ ಇಲ್ಲವೋ ಅದನ್ನಾದರೂ ಹೇಳಿ.

ಅಡಿಕೆಚಪ್ಪರ, ತೀರ್ಥಹಳ್ಳಿ

ಹಾಕಿದ್ದೆ. ಕರೆಂಟ್ ಹೋಗಿದ್ದು ಆಗಲೇ. ಕೆಂಪು ಅಕ್ಷರ ಕೂಡಿಕೊಳ್ಳುವ ಹೊತ್ತಿಗೆ ಸರಿಯಾಗಿ ಕತ್ತಲಾಯಿತು, ಟೈಟಲ್ ಹಾಗೇ ಮುಗಿಯುವುದು ಅಂತ ಎಲ್ಲರೂ ಚಪ್ಪಾಳೆ ಹೊಡೆದರು.